ಹದಿನಾಲ್ಕು ತಿಂಗಳು, 8.8 ಕಿಲೋ: ನಮ್ಮ ಅಡುಗೆಮನೆಯ ಅಳತೆಯ ದಾಖಲೆ

ಮೈಸೂರು, 2025ರ ಆಗಸ್ಟ್ 3, ಭಾನುವಾರ

ಈ ದಾಖಲೆಯನ್ನು ಬರೆಯಲು ಆರಂಭಿಸಿ ಇಂದಿಗೆ ಹದಿನಾಲ್ಕು ತಿಂಗಳು ತುಂಬಿತು. ಕಳೆದ ನಾಲ್ಕು ಭಾನುವಾರಗಳ ನನ್ನ ತೂಕದ ಸರಾಸರಿ 69.6 ಕಿಲೋ. 2024ರ ಜೂನ್ 2ರಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡದ್ದು 78.4 ಕಿಲೋ. ಹೊಟ್ಟೆಯ ಸುತ್ತಳತೆ 98 ಸೆಂಟಿಮೀಟರಿನಿಂದ 89ಕ್ಕೆ ಇಳಿದಿದೆ. ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಇದ್ದದ್ದು 5.7 ಆಗಿದೆ. 5.7ರಿಂದ 6.4ರವರೆಗಿನದು ಮಧುಮೇಹದ ಪೂರ್ವಸ್ಥಿತಿ. ಹಾಗಾಗಿ ನಾನು ಆ ಸ್ಥಿತಿಯ ಅಂಚಿಗೆ ಬಂದಿದ್ದೇನೆಯೇ ಹೊರತು ಅದರಿಂದ ಹೊರಗೆ ಬಂದಿಲ್ಲ. ನನ್ನ ಎತ್ತರ 156 ಸೆಂಟಿಮೀಟರ್. ಎತ್ತರಕ್ಕೆ ತಕ್ಕಂತೆ ತೂಕವಿದೆಯೇ ಎಂದು ತಿಳಿಸುವ ಬಿಎಂಐ 32.2 ಇದ್ದದ್ದು 28.6ಕ್ಕೆ ಬಂದಿದೆ. ಭಾರತೀಯರ ಮಟ್ಟಿಗೆ 25ನ್ನು ದಾಟಿದರೆ ಬೊಜ್ಜು ಎಂದೂ, ಹೆಂಗಸರ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರಿನ ಒಳಗಿರಬೇಕು ಎಂದೂ ನಮ್ಮ ವೈದ್ಯರು ಪರಿಗಣಿಸುತ್ತಾರೆ. ಹೋಗಬೇಕಾದ ದಾರಿ ಇನ್ನೂ ಬಹಳವಿದೆ.

ಹೊಸದಾಗಿ ಓದುವವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ನನಗೆ 47 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆಯಲ್ಲಿ ಅತ್ತೆ, ಯಜಮಾನರು, ಕಾಲೇಜಿಗೆ ಹೋಗುವ ಮಗಳು ಮತ್ತು ನಾನು. 2020ರಲ್ಲಿ ಒಮ್ಮೆ ರಾತ್ರಿಯೂಟವನ್ನು ಪೂರ್ತಿ ಬಿಟ್ಟು, ಮಧ್ಯಾಹ್ನ ಹಣ್ಣು ಮತ್ತು ಮಜ್ಜಿಗೆಯಲ್ಲಿ ಕಳೆದು, ಮೂರು ತಿಂಗಳಲ್ಲಿ 9 ಕಿಲೋ ಇಳಿಸಿದ್ದೆ. ತಲೆಗೂದಲು ಉದುರಿತು, ತರಗತಿಯಲ್ಲಿ ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು, ಮಾಮೂಲಿನಂತೆ ಉಣ್ಣಲು ತೊಡಗಿದ ಒಂದೂವರೆ ವರ್ಷದಲ್ಲಿ ಕಳೆದುಕೊಂಡ 9 ಕಿಲೋದ ಜೊತೆಗೆ ಇನ್ನೆರಡು ಕಿಲೋ ಸೇರಿಕೊಂಡು ತೂಕ ಮರಳಿ ಬಂತು. ಆ ಅನುಭವದಿಂದಲೇ ಈ ಸಲದ ನಿಯಮ ಹುಟ್ಟಿತು: ಅರವತ್ತನೆಯ ವಯಸ್ಸಿನಲ್ಲೂ ಮುಂದುವರಿಸಲಾಗದ ಯಾವುದನ್ನೂ ಇಂದು ಆರಂಭಿಸಬಾರದು. ಈ ನೋಟ್‌ಬುಕ್ಕಿನಲ್ಲಿರುವ ಪ್ರತಿಯೊಂದು ಬದಲಾವಣೆಯನ್ನೂ ಆ ಒಂದು ಪ್ರಶ್ನೆಗೆ ಒಡ್ಡಿಯೇ ಒಪ್ಪಿಕೊಂಡಿದ್ದೇನೆ ಅಥವಾ ಕೈಬಿಟ್ಟಿದ್ದೇನೆ.

ಮೊದಲ ಗುರಿಯನ್ನು ಕೊಟ್ಟವರು ವೈದ್ಯರು. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆಯ ದೊಡ್ಡ ಅಧ್ಯಯನದಲ್ಲಿ, ತೂಕದ ಶೇ. 7ರಷ್ಟನ್ನು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವ ಪ್ರಮಾಣ ಶೇ. 58ರಷ್ಟು ಕಡಿಮೆಯಾಗಿತ್ತು ಎಂದು ಅವರು ವಿವರಿಸಿದರು. 78.4ರ ಶೇ. 7 ಎಂದರೆ ಸುಮಾರು ಐದೂವರೆ ಕಿಲೋ. ಇಪ್ಪತ್ತು ಕಿಲೋ ಇಳಿಸಬೇಕೆಂಬ ಭಾರವನ್ನು ಹೊತ್ತು ಕುಳಿತಿದ್ದ ನನಗೆ, ಐದೂವರೆ ಕಿಲೋದಿಂದಲೇ ದೇಹದೊಳಗೆ ಇಷ್ಟು ವ್ಯತ್ಯಾಸವಾಗಬಲ್ಲದು ಎಂಬ ಮಾತು ದೊಡ್ಡ ಧೈರ್ಯವನ್ನು ಕೊಟ್ಟಿತು. 72.9 ಕಿಲೋದ ಆ ಗುರಿಯನ್ನು ಈ ವರ್ಷದ ಜನವರಿಯ ಕೊನೆಗೆ ಮುಟ್ಟಿದೆ.

ಈಗ ಅಡುಗೆಮನೆಯ ವಿಷಯ. ಮೊದಲ ತಿಂಗಳು ನಾನು ಏನನ್ನೂ ಬಿಡಲಿಲ್ಲ, ಅಳೆದು ಬರೆದೆ ಅಷ್ಟೆ. ಆಗ ತಿಳಿದ ಮೊದಲ ಸಂಗತಿ ಎಣ್ಣೆಯದು. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬೇಕಾಗುತ್ತಿತ್ತು. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ ಸುಮಾರು 42 ಮಿಲಿಲೀಟರ್, ಅಂದರೆ 38 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿಯಂತೆ, ತಟ್ಟೆಯಲ್ಲಿ ಕಣ್ಣಿಗೆ ಬೀಳದ ಎಣ್ಣೆಯಿಂದಲೇ ದಿನಕ್ಕೆ 340 ಕ್ಯಾಲೊರಿ. ನಾನು ಯಾವ ತಿಂಡಿಯನ್ನೂ ನಿಷೇಧಿಸಲಿಲ್ಲ. ತಿಂಗಳ ಮೊದಲನೆಯ ತಾರೀಖಿನಂದು ಎರಡೂವರೆ ಲೀಟರನ್ನು ಮಾತ್ರ ಡಬ್ಬಿಗೆ ಸುರಿದು, ಅದು ಮುಗಿಯುವವರೆಗೆ ಹೊಸ ಪೊಟ್ಟಣವನ್ನು ಒಡೆಯಬಾರದೆಂದು ಎಲ್ಲರಿಗೂ ತಿಳಿಸಿದೆ. ಒಗ್ಗರಣೆಗೆ ಸೌಟಿನ ಬದಲು ಟೀ ಚಮಚ ಬಂತು. ಪಲ್ಯಕ್ಕೆ ಮೊದಲು ಎಣ್ಣೆ ಹಾಕಿ ಬಾಡಿಸುತ್ತಿದ್ದುದನ್ನು ನಿಲ್ಲಿಸಿ, ಹಬೆಯಲ್ಲಿ ಬೇಯಿಸಿ ಕೊನೆಗೆ ಒಗ್ಗರಣೆ ಕೊಡುವ ಕ್ರಮಕ್ಕೆ ಹೊರಳಿದೆವು. ಭಾನುವಾರದ ಬಜ್ಜಿಯನ್ನು ಮಾಡುವವರು ಅಷ್ಟು ಎಣ್ಣೆಯನ್ನು ವಾರದಲ್ಲಿ ಎಲ್ಲಿ ಉಳಿಸಬೇಕೆಂದು ತಾವೇ ಲೆಕ್ಕ ಹಾಕತೊಡಗಿದರು. ಈ ಒಂದು ಬದಲಾವಣೆ ತಲೆಗೆ ದಿನಕ್ಕೆ 170 ಕ್ಯಾಲೊರಿಯನ್ನು ಕಡಿಮೆ ಮಾಡಿತು, ಯಾರೂ ಹಸಿದುಕೊಳ್ಳಬೇಕಾಗಲಿಲ್ಲ.

ಎರಡನೆಯ ಸಂಗತಿಯನ್ನು ಬರೆಯುವಾಗ ನನಗೆ ಸಂಕಟವಾಗಿತ್ತು, ಆದರೆ ಬಹಳಷ್ಟು ಗೃಹಿಣಿಯರಿಗೆ ಇದು ಗೊತ್ತಿರುವ ಸಂಗತಿಯೆಂದೇ ವಿವರವಾಗಿ ಹೇಳುತ್ತಿದ್ದೇನೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳು ನಾನು. ಪಾತ್ರೆಯ ತಳದಲ್ಲಿ ಮಿಕ್ಕಿದ್ದನ್ನು ಚೆಲ್ಲಬಾರದು ಎಂಬುದು ನಾನು ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಕಲಿತ ಪಾಠ, ಅದನ್ನು ಇಂದಿಗೂ ಗೌರವಿಸುತ್ತೇನೆ. ಹೊಟ್ಟೆ ತುಂಬಿದ ಮೇಲೆ ನಾನು ಹೀಗೆ ಮುಗಿಸುತ್ತಿದ್ದ ಅನ್ನವನ್ನು ಒಂದು ವಾರ ತಕ್ಕಡಿಯಲ್ಲಿಟ್ಟು ತೂಗಿದಾಗ, ದಿನಕ್ಕೆ ಸರಾಸರಿ 150 ಗ್ರಾಂ ಬಂತು. ಅಕ್ಕಿಯ ಲೆಕ್ಕದಲ್ಲಿ ಅದು 50 ಗ್ರಾಮಿನಷ್ಟು, ಸುಮಾರು 180 ಕ್ಯಾಲೊರಿ. ‘ಇನ್ನು ಮೇಲೆ ತಿನ್ನುವುದಿಲ್ಲ’ ಎಂದು ಸಂಕಲ್ಪ ಮಾಡಿದ್ದರೆ ಅದು ಹತ್ತು ದಿನವೂ ನಿಲ್ಲುತ್ತಿರಲಿಲ್ಲ. ನಮ್ಮ ಪಾವಿನಲ್ಲಿ 200 ಗ್ರಾಂ ಅಕ್ಕಿ ಹಿಡಿಯುತ್ತದೆ. ರಾತ್ರಿಗೆ ಎರಡು ಪಾವು ಹಾಕುತ್ತಿದ್ದುದನ್ನು ಒಂದೂಮುಕ್ಕಾಲು ಪಾವಿಗೆ ಇಳಿಸಿದೆ. ಮಿಗುವುದೇ ನಿಂತಿತು. ಯಾರಾದರೂ ಅನಿರೀಕ್ಷಿತವಾಗಿ ಊಟಕ್ಕೆ ಬಂದರೆ ಏನು ಗತಿ ಎಂದು ಅತ್ತೆ ಕೇಳಿದಾಗ, ಅವಲಕ್ಕಿ ಮತ್ತು ಮೊಸರು ಸದಾ ಇರುತ್ತವೆಂದು ತೋರಿಸಿದೆ. ಈ ಹದಿನಾಲ್ಕು ತಿಂಗಳಲ್ಲಿ ಅದರ ಅಗತ್ಯ ಬಿದ್ದದ್ದು ಮೂರು ಸಲ.

ಕಾಫಿಯ ಸಕ್ಕರೆಯ ವಿಷಯದಲ್ಲಿ ಹೇಳಲು ಹೆಚ್ಚೇನಿಲ್ಲ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ. ಮೂರು ವಾರಕ್ಕೊಮ್ಮೆ ಕಾಲು ಚಮಚ ಕಡಿಮೆ ಮಾಡುತ್ತ ಈಗ ಅರ್ಧ ಚಮಚಕ್ಕೆ ನಿಂತಿದ್ದೇನೆ.

ರಾಗಿಯ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆಯಿಂದ ನಾನೇ ಎರಡು ತಿಂಗಳು ಕಳೆದುಕೊಂಡೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 356, ವ್ಯತ್ಯಾಸ ಅಷ್ಟೇ. ರಾಗಿಯ ಹಿರಿಮೆ ಬೇರೆಡೆ ಇದೆ: 11 ಗ್ರಾಂ ನಾರು, 350 ಮಿಲಿಗ್ರಾಮಿನ ಆಸುಪಾಸಿನಲ್ಲಿ ಕ್ಯಾಲ್ಸಿಯಂ. ನಾರಿನಿಂದಾಗಿ ಹೊಟ್ಟೆ ಬೇಗ ತುಂಬಿ, ಹಸಿವು ತಡವಾಗಿ ಬರುತ್ತದೆ, ನಿಜ. ಆದರೆ ಮುದ್ದೆ ನುಂಗುವ ಪದಾರ್ಥವಾದ್ದರಿಂದ, ಎಷ್ಟು ಉಂಡೆವೆಂದು ಹೊಟ್ಟೆ ಹೇಳುವಷ್ಟರಲ್ಲಿ ಎರಡನೆಯ ಮುದ್ದೆಯೂ ಮುಗಿದಿರುತ್ತದೆ. ನನ್ನ ಒಂದೊಂದು ಮುದ್ದೆಗೆ ಆಗ 110 ಗ್ರಾಂ ಹಿಟ್ಟು ಬೀಳುತ್ತಿತ್ತು. ಈಗ ಒಂದೇ ಮುದ್ದೆ, 60 ಗ್ರಾಂ ಹಿಟ್ಟಿನದು. ಅದನ್ನು ಮೊದಲ ದಿನ ತಟ್ಟೆಯಲ್ಲಿ ಕಂಡ ಅತ್ತೆ ನಗಲಿಲ್ಲ, ಯೋಚಿಸಿ ಹೇಳಿದರು: “ನಮ್ಮ ಕಾಲದಲ್ಲಿ ಎರಡು ಮುದ್ದೆ ಉಂಡೋರು ಹೊತ್ತು ಮುಳುಗೋವರೆಗೂ ಹೊಲದಲ್ಲಿ ಇರ್ತಿದ್ರು ಕಣಮ್ಮ. ನೀನು ಉಂಡು ಪೇಪರ್ ತಿದ್ದೋಕೆ ಕೂತ್ಕೋತೀಯ. ನಿನಗೆ ಇಷ್ಟು ಸಾಕು.” ಪೌಷ್ಟಿಕತೆಯ ಬಗ್ಗೆ ನಾನು ಓದಿದ ಯಾವ ಪುಟವೂ ಈ ಮಾತಿನಷ್ಟು ಸ್ಪಷ್ಟವಾಗಿರಲಿಲ್ಲ.

ಚಿಕ್ಕದಾದ ಮುದ್ದೆಯ ಜಾಗವನ್ನು ತುಂಬಿದ್ದು ಬಸ್ಸಾರು ಮತ್ತು ಅದರ ಪಲ್ಯ. ಹುರುಳಿಕಾಳಿನ ತೂಕದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನು; 40 ಗ್ರಾಂ ಕಾಳಿನಿಂದ ಎಂಟೂವರೆ ಗ್ರಾಂ ಸಿಗುತ್ತದೆ. ಬಸಿದ ಕಟ್ಟು ಸಾರಾಗುತ್ತದೆ, ಕಾಳು ಮತ್ತು ಸೊಪ್ಪು ಪಲ್ಯವಾಗುತ್ತದೆ, ಎರಡಕ್ಕೂ ಸೇರಿ ಬೇಕಾಗುವ ಎಣ್ಣೆ ಮೂರು ಚಮಚ. ಮುದ್ದೆಗೆ ಪಲ್ಯವನ್ನು ನಂಜಿಕೊಳ್ಳುವ ಬದಲು ಪಲ್ಯದ ಜೊತೆಗೆ ಮುದ್ದೆಯನ್ನು ತಿನ್ನುವಷ್ಟು ತಟ್ಟೆಯ ಪ್ರಮಾಣ ಬದಲಾಗಿದೆ. ನನ್ನಂಥವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು ಬೇಕೆಂಬ ಲೆಕ್ಕದಂತೆ 58 ಗ್ರಾಂ ಆಗಬೇಕು. ಬೆಳಿಗ್ಗೆ ಎರಡು ಮೊಟ್ಟೆ ಅಥವಾ ಮೊಳಕೆ ಹೆಸರುಕಾಳಿನ ಕೋಸಂಬರಿ, ಎರಡು ಹೊತ್ತು ಕಾಳು, ಒಂದು ಬಟ್ಟಲು ಮೊಸರು ಸೇರಿದರೆ ಅದರ ಹತ್ತಿರ ಬರುತ್ತೇನೆ. 2020ರಲ್ಲಿ ನಾನು ಕಳೆದುಕೊಂಡ 9 ಕಿಲೋದಲ್ಲಿ ಸ್ನಾಯುವೂ ಸಾಕಷ್ಟು ಕರಗಿಹೋಗಿರಬೇಕೆಂದು ಈಗ ಅನ್ನಿಸುತ್ತದೆ.

ನಡಿಗೆ ಆರಂಭವಾದದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಮಂಡಿ ನೋಯುತ್ತಿದ್ದುದರಿಂದ ಡಾಂಬರು ರಸ್ತೆಗಿಂತ ಮಣ್ಣಿನ ದಾರಿ ಹಿತವೆನಿಸಿತು. ಮೊದಲ ವಾರ ಹದಿನೈದು ನಿಮಿಷ ನಡೆದು ಹಿಂತಿರುಗುತ್ತಿದ್ದೆ. ಐದನೆಯ ವಾರ ಮೊದಲ ಬಾರಿ ಪೂರ್ತಿ ಸುತ್ತು ಹಾಕಿದಾಗ 68 ನಿಮಿಷ ಹಿಡಿಯಿತು, ಈಗ 50 ನಿಮಿಷ ಸಾಕು. ವಾರಕ್ಕೆ ಐದು ದಿನ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆಯಿದು; ನೀರಿನ ನಡುವೆ ಹೆಜ್ಜಾರ್ಲೆಗಳು ಕುಳಿತಿರುವುದನ್ನು ನೋಡುತ್ತ ನಡೆಯುವಾಗ, ಇದೊಂದು ವ್ಯಾಯಾಮ ಎಂಬುದು ಮರೆತೇಹೋಗುತ್ತದೆ, ಬಿಡದೆ ಹೋಗುತ್ತಿರುವುದಕ್ಕೆ ಅದೇ ಮುಖ್ಯ ಕಾರಣ. ಆದರೆ ನಡಿಗೆಯಿಂದಲೇ ತೂಕ ಇಳಿಯುತ್ತದೆಂದು ನಾನು ಹೇಳಲಾರೆ. ಆ 50 ನಿಮಿಷದ ನಡಿಗೆಗೆ ಖರ್ಚಾಗುವುದು 200 ಕ್ಯಾಲೊರಿಯ ಆಸುಪಾಸು. 50 ಗ್ರಾಮಿನ ಒಂದು ತುಂಡು ಮೈಸೂರುಪಾಕು ಅದಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ನಡಿಗೆ ನನಗೆ ಕೊಟ್ಟದ್ದು ನಿದ್ದೆ, ಮಂಡಿಯ ಬಲ, ಸಂಜೆ ಶಾಲೆಯಿಂದ ಬಂದೊಡನೆ ಡಬ್ಬಿಗೆ ಕೈ ಹಾಕದಿರುವ ನೆಮ್ಮದಿ.

ಇಳಿಕೆ ಒಂದೇ ಸಮನೆ ನಡೆದಿಲ್ಲ. ಕಳೆದ ವರ್ಷದ ದಸರೆಗೆ ಮುನ್ನ 74.8 ಇತ್ತು. ಹತ್ತು ದಿನ ಮನೆ ತುಂಬ ನೆಂಟರು, ಬಡಿಸಿದ ಕೈಯನ್ನು ತಡೆಯಲು ಮನಸ್ಸಾಗದು; ಮುಗಿಯುವ ಹೊತ್ತಿಗೆ 76.2. ಹಬ್ಬದ ಹತ್ತು ದಿನವನ್ನು ಪಥ್ಯದಲ್ಲಿ ಕಳೆಯುವುದು ನನ್ನ ನಿಯಮಕ್ಕೆ ಹೊಂದುವುದಿಲ್ಲ. ಅದನ್ನು ಸೋಲೆಂದು ಬರೆಯದೆ ‘ದಸರಾ’ ಎಂದಷ್ಟೇ ಬರೆದು ಮರುದಿನದಿಂದ ಎಂದಿನ ಅಳತೆಗೆ ಹಿಂದಿರುಗಿದೆ. ಏರಿದ್ದರಲ್ಲಿ ಬಹುಪಾಲು ಉಪ್ಪು ಮತ್ತು ಸಿಹಿ ಹಿಡಿದಿಟ್ಟ ನೀರಾಗಿದ್ದಿರಬೇಕು, ಎರಡು ವಾರದಲ್ಲಿ ಒಂದು ಕಿಲೋ ಹೋಯಿತು.

ಹೆಚ್ಚು ಕಾಡಿದ್ದು ಈ ವರ್ಷದ ಫೆಬ್ರವರಿಯಿಂದ ಏಪ್ರಿಲ್ ನಡುವಿನ ಒಂಬತ್ತು ವಾರ. ತೂಕ 72.5ರ ಆಚೀಚೆ ಅಲುಗಾಡಲಿಲ್ಲ. ದೇಹ ಹಗುರವಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆಯಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಮತ್ತೆ ಒಂದು ವಾರ ಎಲ್ಲವನ್ನೂ ತೂಗಿದಾಗ ಸಿಕ್ಕಿತು: ಎಣ್ಣೆ ಸರಿಯಾಗಿಯೇ ಇತ್ತು, ಆದರೆ ಅದರ ಬದಲಿಗೆ ರುಚಿಗೆಂದು ಸೇರಿಸುತ್ತಿದ್ದ ತೆಂಗಿನಕಾಯಿ ಮತ್ತು ಕಡಲೆಕಾಯಿ ಬೀಜದ ಚಟ್ನಿ ಸದ್ದಿಲ್ಲದೆ ಎರಡರಷ್ಟಾಗಿತ್ತು. ಚಟ್ನಿಗೆ ಹುರಿಗಡಲೆ ಮತ್ತು ಹೀರೇಕಾಯಿ ಸಿಪ್ಪೆ ಬಂದವು. ಅದೇ ಮಾರ್ಚಿನಲ್ಲಿ ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮವನ್ನೂ ಸೇರಿಸಿದೆ: ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಊರಿ ದಂಡ, ಎರಡೂ ಕೈಗೆ ನಾಲ್ಕು ನಾಲ್ಕು ಕಿಲೋದ ಚೀಲ ಹಿಡಿದು ಮಹಡಿಯ ಮೆಟ್ಟಿಲು. ಮೊದಲ ದಿನ ಕುರ್ಚಿಯಿಂದ ಆರು ಸಲ ಎದ್ದೆ, ಈಗ ಹದಿನೆಂಟರ ಮೂರು ಸುತ್ತು. ಮೇ ತಿಂಗಳಿನಿಂದ ಮತ್ತೆ ತಿಂಗಳಿಗೆ ಸುಮಾರು ಒಂದು ಕಿಲೋದಂತೆ ಇಳಿಯುತ್ತಿದೆ.

ಆಷಾಢ ಶುಕ್ರವಾರಗಳ ಜನಸಂದಣಿ ಮುಗಿದ ಮೇಲೆ, ಜುಲೈ 27ರ ಭಾನುವಾರ, ಮಗಳ ಜೊತೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೆ. ಹದಿನೆಂಟು ವರ್ಷಗಳ ನಂತರ. ನಂದಿಯ ಬಳಿ ಹತ್ತು ನಿಮಿಷ ಕುಳಿತು ನೀರು ಕುಡಿದೆವು. ಅದನ್ನು ಬಿಟ್ಟರೆ 46 ನಿಮಿಷ. ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ಹೆಚ್ಚಾದ್ದರಿಂದ ಬಸ್ಸಿನಲ್ಲಿ ಬಂದೆವು. ಮೇಲೆ ತಲುಪಿದಾಗ ನನಗೆ ಅಳು ಬಂತು ಎಂಬುದನ್ನೂ ಈ ದಾಖಲೆಯಲ್ಲಿ ಬರೆದಿಡುತ್ತಿದ್ದೇನೆ.

ಮುಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, 26 ಮತ್ತು 27ಕ್ಕೆ ಗೌರಿ-ಗಣೇಶ. ಈ ಸಲ ನಲವತ್ತರ ಬದಲು ಇಪ್ಪತ್ತೈದು ಒಬ್ಬಟ್ಟು ಸಾಕೆಂದು ಅತ್ತೆಯೇ ಲೆಕ್ಕ ಕೊಟ್ಟಿದ್ದಾರೆ, ತುಪ್ಪವನ್ನು ಬಡಿಸುವ ಮಿಳ್ಳೆಯ ಬದಲು ಚಮಚವನ್ನು ತೆಗೆದಿಟ್ಟಿದ್ದಾರೆ. ನನ್ನ ಪಾಲಿನದು ಎರಡು ಒಬ್ಬಟ್ಟು, ಕುಳಿತು ನಿಧಾನವಾಗಿ ತಿನ್ನಲಿಕ್ಕೆ. ಮುಂದಿನ ತೂಕವನ್ನು ಸೆಪ್ಟೆಂಬರ್ 7ರಂದು ಬರೆಯುತ್ತೇನೆ.