ಓಟದ ಟೈಮಿಂಗ್ ಬೇರೆ, ಯುದ್ಧದ ಅಳತೆ ಬೇರೆ

“ಹುಡುಗೀರಿಗೆ ಏಳೂವರೆ ನಿಮಿಷ, ನಮಗೆ ಐದೂವರೆ. ಇದ್ಯಾವ ನ್ಯಾಯ ಮೇಡಂ?”

ಹೊಸ ಬ್ಯಾಚ್ ಶುರುವಾದಾಗಲೆಲ್ಲ ಯಾರಾದರೂ ಒಬ್ಬ ಹುಡುಗ ಇದನ್ನು ಕೇಳಿಯೇ ಕೇಳುತ್ತಾನೆ. ನಾನು ಮಂಡ್ಯದಲ್ಲಿ ಸೇನೆ, ಪೊಲೀಸ್ ಭರ್ತಿಗೆ ಹೋಗುವ ಮಕ್ಕಳಿಗೆ ಫಿಸಿಕಲ್ ಟ್ರೈನಿಂಗ್ ಕೊಡುತ್ತೇನೆ. ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೇ ಬಂದುಬಿಡುತ್ತಾರೆ. ಅಗ್ನಿವೀರ್ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟ ಇರುತ್ತದೆ. ಹುಡುಗರು 5 ನಿಮಿಷ 30 ಸೆಕೆಂಡ್‌ನೊಳಗೆ ಮುಗಿಸಿದರೆ ಪೂರ್ತಿ ಅಂಕ. ಸೇನೆಯೊಳಗಿನ ಪೊಲೀಸ್ ಪಡೆಯಾದ ಮಿಲಿಟರಿ ಪೊಲೀಸ್‌ಗೆ ಹೋಗುವ ಹುಡುಗಿಯರಿಗೆ ಮೊದಲ ದರ್ಜೆ ಸಿಗಲು ಅದೇ ದೂರಕ್ಕೆ 7 ನಿಮಿಷ 30 ಸೆಕೆಂಡ್.

ಆ ಹುಡುಗ ಕೇಳುವುದರಲ್ಲಿ ತಪ್ಪೇನಿಲ್ಲ. ಹೆಣ್ಣುಮಕ್ಕಳು ನೇರ ಯುದ್ಧಕ್ಕೆ ಹೋಗಬೇಕೋ ಬೇಡವೋ ಅನ್ನುವ ಚರ್ಚೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಗದರಿಸಿ ಬಾಯಿ ಮುಚ್ಚಿಸಿದರೆ ಅದೇ ಅಸಮಾಧಾನ ಹೊತ್ತುಕೊಂಡು ನಾಳೆ ಯೂನಿಫಾರ್ಮ್ ಹಾಕುತ್ತಾನೆ. ಅದಕ್ಕೇ ಕೂರಿಸಿಕೊಂಡು ಹೇಳುತ್ತೇನೆ. ಗಂಡಸರ ಹೃದಯ, ಶ್ವಾಸಕೋಶ ಸಾಮಾನ್ಯವಾಗಿ ದೊಡ್ಡವು, ರಕ್ತದಲ್ಲಿ ಹಿಮೋಗ್ಲೋಬಿನ್ ಜಾಸ್ತಿ. ಇಬ್ಬರೂ ಒಂದೇ ಸಮ ಬೆವರು ಸುರಿಸಿದರೂ ಗಡಿಯಾರ ಬೇರೆ ಬೇರೆ ತೋರಿಸುತ್ತದೆ. ಯಾರು ಎಷ್ಟು ತಯಾರಾಗಿ ಬಂದಿದ್ದಾರೆ ಅಂತ ನೋಡುವುದಕ್ಕೆ ಟೈಮಿಂಗ್ ಬೇರೆ ಇಟ್ಟರೆ ನನ್ನ ತಕರಾರಿಲ್ಲ. ಯುದ್ಧಭೂಮಿಯ ಕೆಲಸಕ್ಕೆ ಮಾತ್ರ ಅಳತೆ ಒಂದೇ ಇರಬೇಕು. ಎಳೆಯುವವಳು ಹೆಣ್ಣು ಅಂತ ಗಾಯಾಳುವಿನ ತೂಕ ಕಮ್ಮಿ ಆಗಲ್ಲ, ಅಲ್ವಾ?

ಅಮೆರಿಕದ ಸೇನೆ 2025ರ ಜೂನ್‌ನಲ್ಲಿ ತಂದ ಹೊಸ ಫಿಟ್‌ನೆಸ್ ಟೆಸ್ಟ್‌ನಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿದ್ದಾರೆ. ನೇರ ಯುದ್ಧದ 21 ಬಗೆಯ ಕೆಲಸಗಳಿಗೆ ಹೆಣ್ಣು ಗಂಡು ಅನ್ನದೆ ಒಂದೇ ಅಳತೆ. ಉಳಿದ ಕೆಲಸಗಳಿಗೆ ಬೇರೆ ಬೇರೆ.

ನಮ್ಮ ಸೇನೆಯಲ್ಲಿ ಹೆಣ್ಣುಮಕ್ಕಳಿಗೆ ಏನು ತೆರೆದಿದೆ, ಏನು ತೆರೆದಿಲ್ಲ ಅನ್ನುವುದೇ ಬಹಳ ಮನೆಗಳಿಗೆ ಗೊತ್ತಿಲ್ಲ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ವಾಯುಪಡೆಯ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದರು. ತರಬೇತಿಯ ಹಾಕ್ ಜೆಟ್ ವಿಮಾನದಲ್ಲಿ ಅವರು ಕಲಿತದ್ದು ನಮ್ಮ ಬೀದರ್‌ನಲ್ಲಿ. ಭೂಸೇನೆಯಲ್ಲಿ ಜವಾನ್ ಮಟ್ಟದಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕಿರುವುದು ಮಿಲಿಟರಿ ಪೊಲೀಸ್. ಅದರ ಮೊದಲ ತಂಡದ 83 ಮಂದಿ 2021ರ ಮೇನಲ್ಲಿ ಬೆಂಗಳೂರಿನಲ್ಲೇ ತರಬೇತಿ ಮುಗಿಸಿದರು. 2023ರಲ್ಲಿ ಐವರು ಮಹಿಳಾ ಅಧಿಕಾರಿಗಳು ಫಿರಂಗಿ ದಳಕ್ಕೆ ಸೇರಿದರು. ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) ಮೊದಲ ಸಲ ಹೆಣ್ಣುಮಕ್ಕಳು, 17 ಮಂದಿ, 2025ರ ಮೇನಲ್ಲಿ ಹೊರಬಂದರು. ಕಾಲ್ದಳ ಮತ್ತು ಟ್ಯಾಂಕ್ ಪಡೆಯ ಬಾಗಿಲು ಮಾತ್ರ ಇನ್ನೂ ಮುಚ್ಚಿದೆ. ಚರ್ಚೆ ಎಲ್ಲ ಆ ಬಾಗಿಲಿನ ಮುಂದೆಯೇ ನಡೆಯುತ್ತಿರುವುದು.

ನಮ್ಮ ಗ್ರೌಂಡ್‌ನಲ್ಲಿ ನನ್ನ ಜೊತೆ ಒಬ್ಬ ನಿವೃತ್ತ ಹವಾಲ್ದಾರ್ ಇದ್ದಾರೆ. ಕಾಲ್ದಳದಲ್ಲೇ ಸರ್ವಿಸ್ ಮುಗಿಸಿದವರು. ಅವರ ಮಾತು ಖಡಕ್. “ಟಿವಿಲಿ ಮಾತಾಡೋದು ಸುಲಭ ಕಣ್ ಮೇಡಂ. ಬೆನ್ ಮೇಲೆ ಪಿಟ್ಟು ಬ್ಯಾಗು, ಕೈಲಿ ರೈಫಲ್ಲು, ಪಕ್ಕದೋನಿಗೆ ಗುಂಡು ಬಿತ್ತು ಅನ್ಕಳಿ. ಅವನ್ನ ಯಾರು ಎಳ್ಕೊಂಡ್ ಬರ್ತಾರೆ?” ನಾನು ವಾದಕ್ಕೆ ಹೋಗಲಿಲ್ಲ. ಅದನ್ನೇ ಗ್ರೌಂಡ್‌ನಲ್ಲಿ ಮಾಡಿಸೋಣ ಸರ್ ಅಂದೆ.

ಗೊಬ್ಬರದ ಚೀಲಗಳಿಗೆ ಮರಳು ತುಂಬಿ, ಎರಡನ್ನು ಸೇರಿಸಿ ಹೊಲಿದು, ಹೆಗಲಿಗೆ ಸಿಗುವ ಹಾಗೆ ಹಗ್ಗದ ಕುಣಿಕೆ ಹಾಕಿದೆವು. ತೂಕ ಒಬ್ಬ ದೊಡ್ಡಾಳಿನಷ್ಟು. ಗ್ರೌಂಡ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಬೇಕು. ಮೊದಲ ವಾರ ಹುಡುಗಿಯರಲ್ಲಿ ಯಾರಿಗೂ ಅರ್ಧದ ಮೇಲೆ ಆಗಲಿಲ್ಲ. ಸಣಕಲು ಹುಡುಗರದ್ದೂ ಅದೇ ಪಾಡು. ತೋಳಿನಲ್ಲಿ ಎಳೆಯಬೇಡಿ, ಸೊಂಟ ಇಳಿಸಿ ಕಾಲಿನಿಂದ ತಳ್ಳಿ ಅಂತ ಹವಾಲ್ದಾರ್ ಸರ್ ತಾವೇ ಬಗ್ಗಿ ತೋರಿಸಿದರು. ವಾರಕ್ಕೆರಡು ದಿನ ಅದನ್ನೇ ಮಾಡಿಸಿದೆವು. ಜೊತೆಗೆ ಸ್ಕ್ವಾಟ್, ಡೆಡ್‌ಲಿಫ್ಟ್. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಕೆಲವು ಹುಡುಗಿಯರು ನಿಲ್ಲದೆ ಎಳೆದರು. ಹೆಚ್ಚಿನವರಿಂದ ಆಗಲಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡರೆ ಅದು ಮೋಸ.

ಅಮೆರಿಕದ ಮರೀನ್ ಪಡೆ 2015ರಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿತ್ತು. ಬರೀ ಗಂಡಸರ ತಂಡ, ಹೆಣ್ಣು ಗಂಡು ಸೇರಿದ ತಂಡ, ಎರಡಕ್ಕೂ 134 ಕೆಲಸ ಕೊಟ್ಟು ನೋಡಿದರು. 93 ಕೆಲಸಗಳಲ್ಲಿ ಗಂಡಸರ ತಂಡವೇ ಮುಂದೆ. ಹೆಣ್ಣುಮಕ್ಕಳಿಗೆ ಪೆಟ್ಟೂ ಜಾಸ್ತಿ ಆಗಿತ್ತು. ಬೇಡ ಅನ್ನುವವರು ಇದನ್ನು ಹಿಡಿದು ಮಾತಾಡುತ್ತಾರೆ, ಬೇಕು ಅನ್ನುವವರು ಇದನ್ನು ಮುಚ್ಚಿಡುತ್ತಾರೆ. ನನಗೆ ಎರಡೂ ಸರಿ ಕಾಣಲ್ಲ. ಅದು ತಂಡಗಳ ಸರಾಸರಿ. ಭರ್ತಿಗೆ ಬಂದು ನಿಲ್ಲುವುದು ಸರಾಸರಿ ಅಲ್ಲ, ಒಬ್ಬೊಬ್ಬ ಮನುಷ್ಯ. ಅದೇ ವರ್ಷ ಆಗಸ್ಟ್‌ನಲ್ಲಿ ಕ್ರಿಸ್ಟನ್ ಗ್ರೀಸ್ಟ್, ಶೇ ಹೇವರ್ ಅನ್ನುವ ಇಬ್ಬರು ಮಹಿಳೆಯರು ಅಲ್ಲಿನ ಸೇನೆಯ ರೇಂಜರ್ ಸ್ಕೂಲ್ ಮುಗಿಸಿದರು. ಗಂಡಸರೇ ಎಷ್ಟೋ ಜನ ಅರ್ಧಕ್ಕೆ ಬಿಟ್ಟುಬರುವ ಕೋರ್ಸ್ ಅದು.

ಈ ಕೆಲಸದಲ್ಲಿ ನನಗೆ ಮನದಟ್ಟಾದ ದೊಡ್ಡ ವಿಷಯ ಬೇರೆಯೇ ಇದೆ. ನಮ್ಮ ಕಡೆ ಹುಡುಗ ಹತ್ತು ವರ್ಷಕ್ಕೇ ಗದ್ದೆ ಬಯಲಲ್ಲಿ ಕಬಡ್ಡಿ ಆಡುತ್ತಾನೆ, ನಾಲೆಯಲ್ಲಿ ಈಜುತ್ತಾನೆ. ಹುಡುಗಿ ಏಳನೇ ಕ್ಲಾಸ್ ದಾಟಿದ ಮೇಲೆ ಓಡುವುದನ್ನೇ ಬಿಟ್ಟಿರುತ್ತಾಳೆ. ಪಿಯುಸಿ ಮುಗಿಸಿ ನನ್ನ ಹತ್ತಿರ ಬಂದಾಗ ಮತ್ತೆ ಮೊದಲಿನಿಂದ ಶುರು. ಆರು ತಿಂಗಳಲ್ಲಿ ರೆಡಿ ಮಾಡಿ ಅನ್ನುತ್ತಾರೆ. ಮೂಳೆ ಗಟ್ಟಿಯಾಗಲು ಅಷ್ಟು ಸಾಕಾಗಲ್ಲ. ಒಂದೇ ಸಲ ಓಟ ಜಾಸ್ತಿ ಮಾಡಿದರೆ ಮೊಣಕಾಲಿನ ಕೆಳಗೆ ಮೂಳೆ ನೋವು ಬರುತ್ತದೆ. ಅದನ್ನು ತಡೆದುಕೊಂಡು ಓಡಿದರೆ ಮೂಳೆ ಬಿರುಕು ಬಿಡುತ್ತದೆ. ಹಾಗಾಗಿ ಮೊದಲ ತಿಂಗಳು ನಡಿಗೆ, ಸ್ವಲ್ಪ ಜಾಗಿಂಗ್, ಬಾಕಿ ಎಲ್ಲ ಕಾಲು ಸೊಂಟದ ವ್ಯಾಯಾಮ.

ಇನ್ನೊಂದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತ ಕಮ್ಮಿ. ಗಂಡಸರಲ್ಲಿ 25%. ಈಗ ನಾನು ಹಿಮೋಗ್ಲೋಬಿನ್ ರಿಪೋರ್ಟ್ ನೋಡದೆ ಯಾರನ್ನೂ ಟ್ರ್ಯಾಕ್‌ಗೆ ಬಿಡಲ್ಲ. 12ಕ್ಕಿಂತ ಕಮ್ಮಿ ಇದ್ದರೆ ಮೊದಲು ಡಾಕ್ಟರ ಹತ್ತಿರ. ಮುದ್ದೆ ಜೊತೆ ಸೊಪ್ಪು, ಮೊಟ್ಟೆ ಇರಲಿ, ಊಟವಾದ ತಕ್ಷಣ ಟೀ ಬೇಡ ಅಂತ ಅವರ ಅವ್ವಂದಿರಿಗೂ ಹೇಳುತ್ತೇನೆ. ಟೀ ಕುಡಿದರೆ ಊಟದ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಷ್ಟೋ ಹುಡುಗಿಯರ “ಆಗಲ್ಲ ಮೇಡಂ” ಅನ್ನುವ ಮಾತು ರಕ್ತ ಸರಿಹೋದ ಮೇಲೆ ತಾನಾಗಿಯೇ ನಿಂತಿದೆ.

ಆಮೇಲೆ ಬ್ಯಾಗ್. ಕುಂತಿ ಬೆಟ್ಟಕ್ಕೆ ಮರಳಿನ ಬ್ಯಾಗ್ ಹೊರಿಸಿಕೊಂಡು ಹತ್ತಿಸುತ್ತೇವೆ. ಪಾಂಡವಪುರ ಕಡೆಯ ಒಬ್ಬ ಹುಡುಗಿ ಪ್ರತಿ ಸಲ ಅರ್ಧ ದಾರಿಯಲ್ಲಿ ಹೆಗಲು ಹಿಡಿದು ಕೂರುತ್ತಿದ್ದಳು. ನೋಡಿದರೆ ಬ್ಯಾಗ್ ಅವಳ ಬೆನ್ನಿಗಿಂತ ಉದ್ದ. ಪೂರ್ತಿ ಭಾರ ಹೆಗಲಿನ ಪಟ್ಟಿಯ ಮೇಲೆ. ಅವಳ ವೇಲ್ ತೆಗೆಸಿ, ಎರಡು ಮಡಿಕೆ ಮಾಡಿ, ಬ್ಯಾಗಿನ ತಳ ಸೇರಿಸಿ ಸೊಂಟಕ್ಕೆ ಬಿಗಿಯಾಗಿ ಕಟ್ಟಿದೆವು. ಭಾರ ಸೊಂಟಕ್ಕೆ ಇಳಿಯಿತು. ಅವತ್ತು ಕೂರದೆ ಮೇಲಕ್ಕೆ ಹೋದಳು. ಮರಳು ಅಷ್ಟೇ ಇತ್ತು. ಆಸ್ಟ್ರೇಲಿಯಾ ಸೇನೆಯಲ್ಲೂ ಹಿಂದೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಸೊಂಟದ ಮೂಳೆ ಬಿರುಕು ಬಿಡುವುದು ಜಾಸ್ತಿ ಇತ್ತು. ಮಾರ್ಚ್ ಮಾಡುವ ವೇಗ ಸ್ವಲ್ಪ ಇಳಿಸಿ, ಉದ್ದುದ್ದ ಹೆಜ್ಜೆ ಹಾಕಿಸುವುದನ್ನು ಬಿಟ್ಟ ಮೇಲೆ ಅದು ತುಂಬಾ ಕಮ್ಮಿ ಆಯಿತು. ಕಲಿಸುವ ರೀತಿ ಬದಲಾಯಿಸುವುದು ಬೇರೆ, ಅಳತೆ ಇಳಿಸುವುದು ಬೇರೆ. ಈ ಎರಡನ್ನು ಕಲಸಿಬಿಡುವುದರಿಂದಲೇ ಅರ್ಧ ಜಗಳ.

ನನಗೆ ನಿಜಕ್ಕೂ ನೋವಾದ ಒಂದು ವಾದ ಇದೆ. ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗೂ ಸೇವೆ, ಕೊಡುವ ಕೇಸಿನಲ್ಲಿ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೇಳಿತ್ತು: ಜವಾನರು ಹೆಚ್ಚಾಗಿ ಹಳ್ಳಿಯಿಂದ ಬಂದವರು, ಹೆಣ್ಣಿನ ಕಮಾಂಡ್ ಒಪ್ಪುವ ಮನಸ್ಥಿತಿ ಅವರಿಗಿಲ್ಲ ಅಂತ. 2020ರ ಫೆಬ್ರವರಿ 17ರಂದು ಕೋರ್ಟ್ ಅದನ್ನು ತಳ್ಳಿಹಾಕಿತು. ಯುದ್ಧ ಪಡೆಗಳ ವಿಷಯ ಆ ತೀರ್ಪಿನಲ್ಲಿ ಬರಲಿಲ್ಲ, ಅದು ಹಾಗೇ ಉಳಿದಿದೆ. ಆದರೆ ಹಳ್ಳಿ ಹುಡುಗರ ಬಗ್ಗೆ ಆ ಮಾತು! ನನ್ನ ಗ್ರೌಂಡ್‌ನಲ್ಲಿ ಇರುವವರೆಲ್ಲ ಹಳ್ಳಿ ಹುಡುಗರೇ. ಬೆಳಗ್ಗೆ ಐದಕ್ಕೆ ನಾನು ವಿಸಿಲ್ ಊದಿದರೆ ಲೈನ್‌ನಲ್ಲಿ ನಿಲ್ಲುತ್ತಾರೆ. ಕೆಲಸ ಗೊತ್ತಿರುವವರ ಮಾತು ಕೇಳುತ್ತಾರೆ, ಗೊತ್ತಿಲ್ಲದವರು ಗಂಡಸಾದರೂ ಕೇಳಲ್ಲ. ಮನೆಯಲ್ಲಿ ಅವ್ವ ಹೇಳಿದಂತೆ ಕೇಳಿ ಬೆಳೆದ ಮಕ್ಕಳು ಅವರು.

ಅಪ್ಪಂದಿರ ಭಯ ಬೇರೆ. ಮಳವಳ್ಳಿಯ ಒಬ್ಬರು ಮಗಳನ್ನು ಸೇರಿಸಲು ಬಂದವರು ಪಕ್ಕಕ್ಕೆ ಕರೆದು ಕೇಳಿದರು. “ಮೇಡಮ್ಮೋರೆ, ಶತ್ರು ಕೈಗೇನಾರ ಸಿಕ್ಕಾಕೊಂಡ್ರೆ ಹೆಣ್ ಮಗೀನ ಗತಿ ಏನ್ರವ್ವ?” ಇಂಥ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲ್ಲ. ರೋಂಡಾ ಕಾರ್ನಮ್ ಅನ್ನುವ ಅಮೆರಿಕದ ಸೇನಾ ವೈದ್ಯೆ 1991ರಲ್ಲಿ ಇರಾಕ್‌ನಲ್ಲಿ ಸೆರೆಸಿಕ್ಕಿದ್ದರು. ಎರಡೂ ಕೈ ಮುರಿದಿತ್ತು, ಲೈಂಗಿಕ ದೌರ್ಜನ್ಯವೂ ನಡೆಯಿತು. ಬಿಡುಗಡೆಯಾದ ಮೇಲೂ ಸೇನೆಯಲ್ಲೇ ಮುಂದುವರಿದು ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾದರು. ಅದನ್ನು ಆ ಅಪ್ಪನಿಗೆ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಅಪಾಯ ಇದೆ, ನಿರ್ಧಾರ ನಿಮ್ಮ ಮಗಳದ್ದು, ಅವಳನ್ನೇ ಕೇಳಿ ಅಂದೆ. ಆತ ಮರದ ಕೆಳಗೆ ಮಗಳ ಜೊತೆ ಬಹಳ ಹೊತ್ತು ಮಾತಾಡಿ ಬಂದು ಫೀಸು ಕಟ್ಟಿದರು.

ಕೊನೆಗೊಂದು ಮಾತು, ಇದು ನಮ್ಮ ರಾಜ್ಯಕ್ಕೇ ಸಂಬಂಧಿಸಿದ್ದು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಹುಡುಗಿಯರಿಗೆ 400 ಮೀಟರ್, ಎರಡು ನಿಮಿಷ. ದೂರ ಕಾಲು ಭಾಗ ಮಾತ್ರ, ಹದವಾಗಿ ಓಡಿದರೂ ಮುಗಿಯುವಂಥದ್ದು. ಇದು ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರ ಅಂತ ನನಗೆ ಅನ್ನಿಸಲ್ಲ. ಇಷ್ಟೇ ಸಾಕು ಅಂದರೆ ಅಷ್ಟಕ್ಕೇ ತಯಾರಾಗುತ್ತಾರೆ. ಅದಕ್ಕೇ ನನ್ನ ಬ್ಯಾಚ್‌ನಲ್ಲಿ ಪೊಲೀಸ್‌ಗೆ ಹೋಗುವ ಹುಡುಗಿಯರೂ 1600 ಮೀಟರ್ ಓಡುತ್ತಾರೆ, ಮರಳಿನ ಚೀಲ ಎಳೆಯುತ್ತಾರೆ. ಈ ಜೂನ್‌ನಿಂದ ಎಂಟನೇ ಕ್ಲಾಸಿನ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದೇವೆ, ಭಾನುವಾರ ಮಾತ್ರ. ಅವರಿಗೆ ಎಳೆಯುವುದನ್ನು ಕಲಿಸುವವರು ಹವಾಲ್ದಾರ್ ಸರ್.