ಜೀನ್ ಟೆಸ್ಟ್ ಮಾಡಿಸಿದ್ರೆ ಇನ್ನೆಷ್ಟು ವರ್ಷ ಅಂತ ಗೊತ್ತಾಗುತ್ತಾ?

ಕ್ಯಾನ್ಸರ್ ರೋಗಿಗಳ ಜೀನ್ ಡೇಟಾ ನೋಡುವುದು ನನ್ನ ಕೆಲಸ ಎಂದು ತಿಳಿದವರೆಲ್ಲ ಕೇಳುವುದು ಒಂದೇ: "ಸಾರ್, ಅಪ್ಪನಿಗೆ ಲಿಂಫೋಮಾ ಅಂದಿದ್ದಾರೆ. ಜೀನ್ ಟೆಸ್ಟ್ ಮಾಡಿಸಿದ್ರೆ ಇನ್ನೆಷ್ಟು ವರ್ಷ ಅಂತ ಹೇಳ್ತಾರಂತಲ್ಲ, ಹೌದಾ?"

ಇಲ್ಲ, ಹೇಳಲಾಗುವುದಿಲ್ಲ. ಹಾಗಂತ ಈ ಸುದ್ದಿಗೆ ಬುಡವೇ ಇಲ್ಲ ಅಂತಲೂ ಅಲ್ಲ.

ಲಿಂಫೋಮಾ ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಮೊದಲಿಗೆ, ಈ ಟೆಸ್ಟ್ ಅಪ್ಪನಿಂದ ಮಕ್ಕಳಿಗೆ ಇಳಿದು ಬರುವ ದೋಷದ ಪರೀಕ್ಷೆ ಅಲ್ಲ. ಆ ಭಯ ಬಿಡಿ. ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ಚೂರಿನಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು, ಜೀನ್ ಕೆಲಸ ಮಾಡುವಾಗ ತಯಾರಾಗುವ ಆರ್‌ಎನ್‌ಎ ಪ್ರಮಾಣದಿಂದ ಅಳೆಯುತ್ತಾರೆ, ಅಷ್ಟೇ.

ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಎಂಬ ಬಗೆಯ ಲಿಂಫೋಮಾದ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. 2000ದಲ್ಲಿ ಆಶ್ ಅಲಿಜಾದೆ, ಲೂಯಿಸ್ ಸ್ಟಾಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದೇ ರೀತಿ ಅಳೆದು ನೋಡಿದಾಗ ಒಳಗೆ ಎರಡು ಕಾಯಿಲೆಗಳಿದ್ದವು. ಯಾವ ಹಂತದ ಬಿ-ಕೋಶವನ್ನು ಹೋಲುತ್ತವೆ ಎಂಬುದರ ಮೇಲೆ ಅವಕ್ಕೆ ಜಿಸಿಬಿ (ಜರ್ಮಿನಲ್ ಸೆಂಟರ್ ಬಿ-ಸೆಲ್), ಎಬಿಸಿ (ಆ್ಯಕ್ಟಿವೇಟೆಡ್ ಬಿ-ಸೆಲ್) ಎಂದು ಹೆಸರು. ಐದು ವರ್ಷ ಕಳೆದಾಗ ಮೊದಲನೆಯ ಗುಂಪಿನಲ್ಲಿ ಶೇ. 76 ಮಂದಿ ಬದುಕಿದ್ದರು, ಎರಡನೆಯದರಲ್ಲಿ ಶೇ. 16. ಈ ಅಂಕಿಗಳೇ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿವೆ.

ಆದರೆ ಅಲ್ಲಿದ್ದ ರೋಗಿಗಳು ಸುಮಾರು 40 ಮಂದಿ. 2002ರಲ್ಲಿ 240 ಮಂದಿಯನ್ನು ನೋಡಿದಾಗ ಜಿಸಿಬಿಯಲ್ಲಿ ಶೇ. 60, ಎಬಿಸಿಯಲ್ಲಿ ಶೇ. 35. ಅಂತರ ಉಳಿಯಿತು, ಆದರೆ ಕುಗ್ಗಿತು. ಆ ಅಧ್ಯಯನ 17 ಜೀನ್‌ಗಳಿಂದ ಭವಿಷ್ಯ ಅಂದಾಜಿಸಿತು. ಅದೇ ವರ್ಷ 58 ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ 13 ಜೀನ್‌ಗಳನ್ನು ಆರಿಸಿತು. ಎರಡೂ ಪಟ್ಟಿ ಬಹುಪಾಲು ಬೇರೆಬೇರೆ! ಇದರಲ್ಲಿ ಮೋಸವೇನಿಲ್ಲ. ಅಳೆಯುವುದು ಸಾವಿರಾರು ಜೀನ್, ರೋಗಿಗಳು ಕೆಲವು ಡಜನ್, ಹೆಚ್ಚೆಂದರೆ ಇನ್ನೂರು ಚಿಲ್ಲರೆ. ಮೇಲಾಗಿ ಜೀನ್‌ಗಳು ಗುಂಪುಗುಂಪಾಗಿ ಏರಿಳಿಯುತ್ತವೆ. ಒಂದೇ ಮನೆಯ ಜಗಳವನ್ನು ಅಣ್ಣನ ಬಾಯಲ್ಲೂ ಕೇಳಬಹುದು, ತಮ್ಮನ ಬಾಯಲ್ಲೂ ಕೇಳಬಹುದು. ಅಪಾಯ ಇರುವುದು ಬೇರೆ ಕಡೆ: ಇಷ್ಟು ಜೀನ್‌ಗಳಲ್ಲಿ ಹುಡುಕುತ್ತಾ ಹೋದರೆ ಬರೀ ಆಕಸ್ಮಿಕವಾಗಿಯೂ ಏನಾದರೊಂದು 'ಸಿಕ್ಕೇ' ಸಿಗುತ್ತದೆ.

ಫಾಲಿಕ್ಯುಲರ್ ಎಂಬ ಇನ್ನೊಂದು ಬಗೆಯ ಲಿಂಫೋಮಾದಲ್ಲಿ ಆದದ್ದು ನೋಡಿ. 2004ರಲ್ಲಿ 191 ರೋಗಿಗಳ ಒಂದು ಅಧ್ಯಯನ, ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳೇ ಬದುಕಿನ ಅವಧಿಯನ್ನು ಸೂಚಿಸುತ್ತವೆ ಎಂದಿತು. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಟಿಬ್ಶಿರಾನಿ ಅದೇ ಡೇಟಾ ತೆಗೆದುಕೊಂಡು, ಸೂತ್ರ ಕಟ್ಟಲು ಬಳಸಿದ ರೋಗಿಗಳ ಗುಂಪನ್ನೂ ಅದನ್ನು ಪರೀಕ್ಷಿಸಲು ಬಳಸಿದ ಗುಂಪನ್ನೂ ಅದಲುಬದಲು ಮಾಡಿದರು. ಸಂಬಂಧವೇ ನಿಲ್ಲಲಿಲ್ಲ. ಮೂಲ ಅಧ್ಯಯನದ ಲೇಖಕರು ಒಪ್ಪಲಿಲ್ಲ ಅನ್ನಿ. ನಾನಂತೂ ಯಾವ ಹೊಸ ಪ್ರಬಂಧ ಓದಿದರೂ ಮೊದಲು ಬೇರೆ ಆಸ್ಪತ್ರೆಯ ರೋಗಿಗಳಲ್ಲಿ ಪರೀಕ್ಷಿಸಿದ್ದಾರಾ ಎಂದು ಹುಡುಕುತ್ತೇನೆ.

ಇನ್ನೊಂದು ಸಂಗತಿ. ಮೇಲಿನ ಅಂಕಿಗಳೆಲ್ಲ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧಿ ವಾಡಿಕೆಗೆ ಬರುವ ಮುಂಚಿನವು. ಆ ಔಷಧಿ ಸೇರಿದ ಮೇಲೆ ಜಿಸಿಬಿ, ಎಬಿಸಿ ಎರಡೂ ಗುಂಪಿನವರ ಆಯಸ್ಸು ಹೆಚ್ಚಿದೆ. 2000ದ ಶೇ. 16ನ್ನು ಇಂದಿನ ರೋಗಿಗೆ ಅಂಟಿಸುವುದು ಅನ್ಯಾಯ.

ನಿಮ್ಮ ರಿಪೋರ್ಟಿನಲ್ಲಿ 'ನಾನ್-ಜಿಸಿಬಿ, ಹಾನ್ಸ್' ಎಂದಿದ್ದರೆ ಅಲ್ಲಿ ಜೀನ್ ಅಳೆದಿಲ್ಲ. ಸಿಡಿ10, ಬಿಸಿಎಲ್6, ಮಮ್1 ಎಂಬ ಮೂರು ಪ್ರೋಟೀನ್‌ಗಳಿಗೆ ಬಣ್ಣ ಹಾಕಿ, ಹಾನ್ಸ್ ಎಂಬ ವಿಧಾನದಲ್ಲಿ ಮಾಡಿದ ಅಂದಾಜು ಅದು. ಅಗ್ಗ, ಎಲ್ಲೆಡೆ ಸಿಗುತ್ತದೆ, ಕೆಲವೊಮ್ಮೆ ಆರ್‌ಎನ್‌ಎ ಫಲಿತಾಂಶಕ್ಕೆ ತಾಳೆಯಾಗುವುದಿಲ್ಲ. ಡಾಕ್ಟರು ಅದರ ಜೊತೆಗೆ ವಯಸ್ಸು, ರಕ್ತದಲ್ಲಿ ಅಳೆಯುವ ಕಿಣ್ವವಾದ ಎಲ್‌ಡಿಎಚ್, ಸ್ಟೇಜ್, ರೋಗಿ ಎಷ್ಟು ಓಡಾಡುತ್ತಾರೆ, ಕಾಯಿಲೆ ಗ್ರಂಥಿಗಳಾಚೆ ಎಷ್ಟು ಕಡೆ ಹಬ್ಬಿದೆ ಎಂಬುದನ್ನೂ ನೋಡುತ್ತಾರೆ. ಈ ಐದನ್ನು ಕೂಡಿಸುವ, ಐಪಿಐ ಎಂಬ 1993ರ ಲೆಕ್ಕಾಚಾರ ಇನ್ನೂ ಬಳಕೆಯಲ್ಲಿದೆ.

ಡಾಕ್ಟರ ಬಳಿ ಕೇಳಲೇಬೇಕಾದದ್ದು ಒಂದಿದೆ: ಫಿಶ್ ಟೆಸ್ಟ್ ಆಗಿದೆಯಾ? ವರ್ಣತಂತುಗಳಲ್ಲಿ ಜೀನ್ ಜಾಗ ಬದಲಿಸಿದೆಯಾ ಎಂದು ಹೊಳೆಯುವ ಬಣ್ಣ ಹಾಕಿ ನೋಡುವ ಟೆಸ್ಟ್ ಅದು. ಎಂವೈಸಿ, ಬಿಸಿಎಲ್2 ಎರಡೂ ಜೀನ್‌ಗಳು ಜಾಗ ಬದಲಿಸಿದ್ದರೆ ಅದಕ್ಕೆ 'ಡಬಲ್ ಹಿಟ್' ಅನ್ನುತ್ತಾರೆ. ಆಗ ಕೀಮೋ ಕ್ರಮವೇ ಬದಲಾಗಬಹುದು, ಹಾಗಾಗಿ ಮೊದಲ ಸೈಕಲ್ ಹೊತ್ತಿಗೇ ಅದರ ಫಲಿತಾಂಶ ಕೈಗೆ ಬಂದರೆ ಒಳ್ಳೆಯದು.