ವರಮಹಾಲಕ್ಷ್ಮಿ ಹಬ್ಬದ ದಿನ ಫಿಸಿಕ್ಸು

ನಮ್ಮ ಅಡುಗೆಮನೆ ಬಾಗಿಲ ಹಿಂದೆ 2020ರ ಕ್ಯಾಲೆಂಡರ್ ಇನ್ನೂ ನೇತಾಡುತ್ತಿದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕುವ ಕ್ಯಾಲೆಂಡರ್ ಅದು. ಆ ವರ್ಷ ಹಾಲಿನ ಲೆಕ್ಕಕ್ಕೆ ಜಾಗವೇ ಉಳಿಯಲಿಲ್ಲ. ಮಗಳು ಸೆಕೆಂಡ್ ಪಿಯುಸಿ. ಇಂಜಿನಿಯರಿಂಗ್ ಸೇರೋಕ್ಕೆ ಬರೆಯಬೇಕಾದ ಪ್ರವೇಶ ಪರೀಕ್ಷೆಗಳ ದಿನಗಳನ್ನೆಲ್ಲ ಹಸಿರು ಪೆನ್ನಲ್ಲಿ ಬರೆದಿಟ್ಟಿದ್ದಳು. ಏಪ್ರಿಲ್ ಮೊದಲ ವಾರ ಜೆಇಇ, 22 ಮತ್ತು 23ಕ್ಕೆ ಸಿಇಟಿ, ಮೇ 10ಕ್ಕೆ ಕಾಮೆಡ್‌ಕೆ. ಅಲ್ಲಿಗೆ ಮುಗೀತು, ಆಮೇಲೆ ಧರ್ಮಸ್ಥಳಕ್ಕೆ ಹೋಗಿ ಬರೋಣ ಅಂತ ನಮ್ಮ ಲೆಕ್ಕ.

ಕೊರೊನಾದ ಮೊದಲ ಏಟು ಬಿದ್ದದ್ದು ಪಿಯುಸಿ ಇಂಗ್ಲಿಷ್ ಪೇಪರ್‌ಗೆ. ಬೇರೆ ಎಲ್ಲಾ ಬರೆದಾಗಿತ್ತು, ಮಾರ್ಚ್ 23ರ ಅದೊಂದು ಬಾಕಿ. ಅದು ಮುಂದಕ್ಕೆ ಹೋಯಿತು. ಎರಡು ದಿನ ಕಳೆದರೆ ಯುಗಾದಿ, ಅವತ್ತೇ ಲಾಕ್‌ಡೌನಿನ ಮೊದಲ ದಿನ. ಆ ಒಂದು ಪೇಪರ್ ಕೊನೆಗೆ ನಡೆದದ್ದು ಜೂನ್ 18ಕ್ಕೆ. ಅಲ್ಲಿವರೆಗೆ ಪುಸ್ತಕ ಎತ್ತಿಡುವ ಹಾಗೂ ಇಲ್ಲ, ಓದಿದ್ದನ್ನೇ ಎಷ್ಟು ಸಲ ಓದೋದು?

ಜೆಇಇ ಜುಲೈಗೆ ಹೋಯಿತು, ಅಲ್ಲಿಂದ ಸೆಪ್ಟೆಂಬರ್‌ಗೆ. ಸಿಇಟಿ ಜುಲೈ 30, 31 ಅಂದರು. ಕಾಮೆಡ್‌ಕೆ ಅಂತೂ ಎಲ್ಲೆಲ್ಲೋ ಸುತ್ತಿ ಆಗಸ್ಟ್ 19ಕ್ಕೆ ಬಂದು ನಿಂತಿತು. ಹಸಿರು ಪೆನ್ನು ಮುಗಿದು ನೀಲಿ ಬಂತು, ಕೊನೆಗೆ ಪೆನ್ಸಿಲ್. 'ಅಳಿಸೋಕ್ಕೆ ಸುಲಭ ಅಪ್ಪಾ' ಅಂದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇದನ್ನೆಲ್ಲ ನ್ಯೂಜೆರ್ಸಿಯಲ್ಲಿರುವ ಅಕ್ಕನ ಹತ್ತಿರ ಹೇಳಿಕೊಂಡರೆ ಅವಳದ್ದು ಇನ್ನೊಂದು ಗೋಳು. ಅವಳ ಮಗ ಎಸ್‌ಎಟಿ, ಅಂದರೆ ಅಮೆರಿಕದ ಕಾಲೇಜು ಸೇರೋಕ್ಕೆ ಬರೆಯುವ ಪರೀಕ್ಷೆ, ಬರೆಯಬೇಕಿತ್ತು. ಅಲ್ಲಿ ಮೇ ತಿಂಗಳದ್ದು ರದ್ದು, ಜೂನಿನದ್ದೂ ರದ್ದು. ಮುಂದಕ್ಕೆ ಹಾಕುವ ಮಾತೇ ಇಲ್ಲ, ಮತ್ತೆ ಅವರೇ ಹೊಸದಾಗಿ ಪರೀಕ್ಷೆ ಕೇಂದ್ರದಲ್ಲಿ ಸೀಟು ಹುಡುಕಬೇಕು. 'ನಿಮಗೆ ಸರ್ಕಾರದವರು ಡೇಟ್ ಆದರೂ ಕೊಡ್ತಾರೆ ಕಣೋ, ಇಲ್ಲಿ ಯಾರನ್ನ ಕೇಳೋದು' ಅಂತ ಅವಳು. ಅದು ನಿಜ. ಅಲ್ಲಿ ಈ ಪರೀಕ್ಷೆ ನಡೆಯೋದು ಊರೂರಿನ ಶಾಲೆ ಕಟ್ಟಡಗಳಲ್ಲಿ, ಬಾಗಿಲು ತೆಗೆಯೋದು ಬಿಡೋದು ಆಯಾ ಶಾಲೆಗೆ ಬಿಟ್ಟದ್ದು. ಆಗಸ್ಟ್ 29ರ ಪರೀಕ್ಷೆಗೆ ಹೆಸರು ಕೊಟ್ಟಿದ್ದವರು ಹೆಚ್ಚುಕಡಿಮೆ 4 ಲಕ್ಷ, ಅದರಲ್ಲಿ 1.78 ಲಕ್ಷ ಮಕ್ಕಳ ಕೇಂದ್ರ ಮುಚ್ಚಿತ್ತು.

ಪಕ್ಕದ ರಾಜ್ಯ ಪೆನ್ಸಿಲ್ವೇನಿಯಾದಲ್ಲಿ, ಮೂರು ಗಂಟೆ ಡ್ರೈವ್ ದೂರದಲ್ಲಿ ಅಕ್ಕ ಒಂದು ಸೀಟು ಹಿಡಿದಳು. ನಮ್ಮ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದೆವಲ್ಲ, ಹಾಗೇ. ಹಿಂದಿನ ರಾತ್ರಿ ಉಳಿಯೋಕ್ಕೆ ಹೋಟೆಲ್ ರೂಮ್ ಕೂಡ ಆಯ್ತು. ಬುಧವಾರ ಮೇಲ್ ಬಂತು, ಆ ಕೇಂದ್ರವೂ ಇಲ್ಲ. ಆ ಹೊತ್ತಿಗೆ ದೊಡ್ಡ ದೊಡ್ಡ ಕಾಲೇಜುಗಳೆಲ್ಲ, ಹಾರ್ವರ್ಡ್ ಕೂಡ, ಈ ವರ್ಷ ಅಂಕ ಕಳಿಸದಿದ್ದರೂ ಪರವಾಗಿಲ್ಲ ಅಂದಿದ್ದವು. ಹಾಗಂತ ಬಿಡೋಕ್ಕೆ ಧೈರ್ಯ ಬರಬೇಕಲ್ವಾ? ಪಕ್ಕದ ಮನೆ ಹುಡುಗ ಬರೆದುಬಿಟ್ಟರೆ?

ಇತ್ತ ನಮ್ಮ ಸಿಇಟಿ. ಪರೀಕ್ಷೆ ಈಗ ಬೇಡ ಅನ್ನೋ ಕೇಸು ಹೈಕೋರ್ಟಲ್ಲಿತ್ತು. ತಡೆ ಕೊಡೋಲ್ಲ ಅಂತ ಗೊತ್ತಾದದ್ದು ಜುಲೈ 29ನೇ ತಾರೀಕು. ಅಂದರೆ ಬೆಳಗಾದರೆ ಪರೀಕ್ಷೆ! ಮಗಳಿಗೆ ಬಯಾಲಜಿ ಇಲ್ಲ, ಹಾಗಾಗಿ 30ಕ್ಕೆ ಮಧ್ಯಾಹ್ನದ ಮ್ಯಾಥ್ಸ್ ಒಂದೇ. 31 ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಡೇಟ್ ಹಾಕಿದವರ ಮನೆಯಲ್ಲಿ ಕ್ಯಾಲೆಂಡರೇ ಇಲ್ವಾ ಅಂತ ನನ್ನ ಹೆಂಡತಿ ವಾರದಿಂದ ಬೈಯುತ್ತಿದ್ದಳು. ಅಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದು ರಾಹುಕಾಲ ನೋಡಿದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಫಿಸಿಕ್ಸ್ ಹತ್ತೂವರೆಯಿಂದ ಹನ್ನೊಂದು ಐವತ್ತು. ಅಮ್ಮ ಏನೂ ಹೇಳದೆ ಪಂಚಾಂಗ ಮುಚ್ಚಿಟ್ಟರು.

ಬೆಳಗ್ಗೆ ನಾಲ್ಕಕ್ಕೇ ಕಳಶ ಇಟ್ಟಾಗಿತ್ತು. ಎಂಟೂವರೆಗೆ ಸ್ಕೂಟರಲ್ಲಿ ಹೊರಟೆವು. ಗೇಟಿನಲ್ಲಿ ಹಣೆಗೆ ಜ್ವರ ನೋಡುವ ಆ ಗನ್ ಹಿಡಿದಾಗ ಮಗಳ ಮುಖದಲ್ಲಿ ಕಾಣಿಸುತ್ತಿದ್ದದ್ದು ಎರಡು ಕಣ್ಣು, ಒಂದು ಕುಂಕುಮ ಅಷ್ಟೇ. ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ, ಮುಗಿಸಿ ಬಂದಳು. ಎರಡೂವರೆಗೆ ಕೆಮಿಸ್ಟ್ರಿ. ಮನೆಗೆ ಹೋಗಿ ಬರೋಕ್ಕೆ ನನಗೇ ಭಯ, ದಾರಿಯಲ್ಲಿ ಗಾಡಿ ಕೈಕೊಟ್ಟರೆ? ಹೊಂಗೆ ಮರದ ಕೆಳಗೆ ಸ್ಕೂಟರ್ ಮೇಲೇ ಕೂತು ಡಬ್ಬಿ ತೆಗೆದೆವು. ಒಬ್ಬಟ್ಟು. ಅವಳು ಎರಡು ಬೆರಳಲ್ಲಿ ಚೂರು ಮುರಿದು, ಮಾಸ್ಕ್ ಗಲ್ಲಕ್ಕೆ ಇಳಿಸಿ ತಿಂದಳು. 'ತುಪ್ಪದ ಕೈ ಓಎಂಆರ್ ಉತ್ತರ ಪತ್ರಿಕೆಗೆ ತಾಗಿದ್ರೆ ಕಥೆ ಮುಗೀತು' ಅಂತ ಸ್ಯಾನಿಟೈಸರಲ್ಲಿ ಮೂರು ಸಲ ಕೈ ಉಜ್ಜಿಕೊಂಡಳು. ಮರದ ಆ ಕಡೆ ಇನ್ನೊಬ್ಬ ತಂದೆ ಮಗ ಮೊಸರನ್ನ ತಿನ್ನುತ್ತಿದ್ದರು. ಬೇರೆ ದಿನವಾಗಿದ್ದರೆ ಒಬ್ಬಟ್ಟು ಕೊಡುತ್ತಿದ್ದೆ. ಅವತ್ತು ಕೈ ಚಾಚೋಕ್ಕೇ ಸಂಕೋಚ. ಅವರು ನಮ್ಮನ್ನು ನೋಡಿ ಸುಮ್ನೆ ತಲೆ ಆಡಿಸಿದರು, ನಾನೂ ಆಡಿಸಿದೆ.

ಸೆಪ್ಟೆಂಬರಿನ ಜೆಇಇ ಬರೆದಳೋ ಬರೆದಳು, ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಇಬ್ಬರೂ ಸುಸ್ತಾಗಿದ್ದೆವು. ಅಕ್ಕನ ಮಗ ಅಕ್ಟೋಬರಲ್ಲಿ ಅಂತೂ ಒಂದು ಸಲ ಕೂತ.

ಈಗ ಅಕ್ಕನ ಎರಡನೆಯವನ ಸರದಿ. ಪರೀಕ್ಷೆ ಲ್ಯಾಪ್‌ಟಾಪಿನಲ್ಲಿ, ಆದರೂ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಮೊನ್ನೆ ಬೆಳಗ್ಗೆ ಫೋನ್ ಮಾಡಿದ್ದಳು. ಹತ್ತು ನಿಮಿಷ ದೂರದ ಶಾಲೆಯಲ್ಲೇ ಸೀಟು ಸಿಕ್ಕಿದೆಯಂತೆ. 'ಪೆನ್ಸಿಲ್ವೇನಿಯಾದ ಹೋಟೆಲ್ ನಂಬರ್ ಮಾತ್ರ ಡಿಲೀಟ್ ಮಾಡಿಲ್ಲ ಕಣೋ' ಅಂದಳು.